ಹಿಮದಲ್ಲಿ ಮರಸು ಕೂತಿದ್ದು

ಮರದ ಮೇಲೆ ಅಡಗಿ ಪ್ರಾಣಿಗೆ ಕಾಯುವುದಕ್ಕೆ ನಮ್ಮ ಮಲೆನಾಡಿನಲ್ಲಿ ಮರಸು ಕೂರೋದು ಅಂತಾರೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಊರಲ್ಲಿ ಅದು ಬರೀ ಅಜ್ಜನ ಕತೆ. ನಾನು ನಿಜವಾಗಿ ಮರಸು ಕೂತಿದ್ದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಲೈಸೆನ್ಸ್ ಮಾಡಿಸಿ, ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ರಾಟೆಗಳಿರುವ ಈಗಿನ ಕಾಲದ ಬಿಲ್ಲು) ಹಿಡಿದು. ಅಲ್ಲಿ ಬಿಲ್ಲಿನ ಸೀಸನ್ ಸೆಪ್ಟೆಂಬರ್ ಮಧ್ಯದಲ್ಲಿ ಶುರುವಾಗಿ ಜನವರಿಗೆ ಮುಗಿಯುತ್ತದೆ.

2 ತಿಂಗಳು ಸುಮ್ನೆ ಕೂತೆ. ಹಿಮ ಬಿದ್ದ ಮಾರನೇ ಬೆಳಿಗ್ಗೆ ಹೆಜ್ಜೆಗುರುತು ನೋಡಿ ಕಾರಣ ಗೊತ್ತಾಯಿತು. ಜಿಂಕೆಗಳು ಸೀಡರ್ ಮರಗಳ ಜೌಗಿನಲ್ಲಿ ಮಲಗಿ, ಕೊಯ್ಲಾದ ಮೆಕ್ಕೆಜೋಳದ ಹೊಲಕ್ಕೆ ಒಂದೇ ದಾರಿ ಹಿಡಿದು ಹೋಗುತ್ತಿದ್ದವು. ನನ್ನ ಮರ ಆ ದಾರಿಯಿಂದ 60 ಗಜ ದೂರ! 25 ಗಜ ದಾಟಿದರೆ ನಾನು ಬಾಣ ಬಿಡುವವನಲ್ಲ. ಮರ ಬದಲಿಸಿದೆ. ಚಳಿ ಜಾಸ್ತಿಯಾದಷ್ಟೂ ಹಿಮ ಬೂಟಿನಡಿ ಕಿರುಗುಟ್ಟುತ್ತದೆ, ಅದಕ್ಕೇ ಮಧ್ಯಾಹ್ನವೇ ಹತ್ತಿ ಕೂರುತ್ತಿದ್ದೆ.

ಮೊದಲ ಸಲ ಜಿಂಕೆ ಬಂದಾಗ ಬಿಲ್ಲು ಎಳೆಯಲಿಕ್ಕೇ ಆಗಲಿಲ್ಲ. ಭುಜ ಮರಗಟ್ಟಿತ್ತು. ಬಿಲ್ಲು ಎಳೆಯಲು ಬೇಕಾದ ಬಲವನ್ನು 60 ಪೌಂಡಿನಿಂದ 50ಕ್ಕೆ ಇಳಿಸಿ, ಗುರಿ ನೋಡುವ ಸೈಟ್ ಮತ್ತೆ ಹೊಂದಿಸಿದೆ. ಅಭ್ಯಾಸವನ್ನೂ ದಪ್ಪ ಜಾಕೆಟ್ ಹಾಕಿಕೊಂಡೇ ಮಾಡಿದೆ. ಹೆದೆ ಜಾಕೆಟ್ಟಿನ ತೋಳಿಗೆ ತಾಗಿದರೆ ಬಾಣ ಎಲ್ಲೋ ಹೋಗುತ್ತದೆ.

ಮುಂದಿನ ವಾರ ಹೆಣ್ಣು ಜಿಂಕೆಯೊಂದು 18 ಗಜಕ್ಕೆ ಬಂತು. ಅಷ್ಟೊತ್ತಿಗೆ ಮತ್ತೆ ಹಿಮ ಉದುರುತ್ತಿತ್ತು. ಬಾಣ ಬಿಟ್ಟೆ. ಅದು ಆಚೆಗೆ ಹಾದು ಹಿಮದಲ್ಲಿ ಹುದುಗಿಹೋಯಿತು. ಜಿಂಕೆ ಓಡಿತು. ಇಂಥಾ ಹೊತ್ತಿನಲ್ಲಿ ಅರ್ಧ ಗಂಟೆಯಾದರೂ ಕಾಯಬೇಕು. ಬೆನ್ನಟ್ಟಿದರೆ ಗಾಯಗೊಂಡಿದ್ದು ಎದ್ದು ಇನ್ನೂ ದೂರ ಹೋಗುತ್ತದೆ. ಆದರೆ ಅವತ್ತು ಕಾದಷ್ಟೂ ರಕ್ತದ ಜಾಡು ಮುಚ್ಚಿಹೋಗುತ್ತಿತ್ತು. 10 ನಿಮಿಷಕ್ಕೇ ಇಳಿದು, ಏಟು ಬಿದ್ದ ಜಾಗ ಮಾತ್ರ ನೋಡಿದೆ. ಗುಲಾಬಿ ಬಣ್ಣದ ನೊರೆ ರಕ್ತ. ಅಂದರೆ ಶ್ವಾಸಕೋಶ, ಬೇಗ ಬೀಳುತ್ತದೆ. ಕಪ್ಪುಗೆಂಪಾಗಿದ್ದರೆ ಲಿವರ್, ಹಸಿರು ಬೆರೆತಿದ್ದರೆ ಹೊಟ್ಟೆ. ಆಗ ಗಂಟೆಗಟ್ಟಲೆ ಕಾಯಬೇಕಿತ್ತು, ಅಷ್ಟರಲ್ಲಿ ಜಾಡೇ ಉಳಿಯುತ್ತಿರಲಿಲ್ಲ.

ನಡೆದೆ. ರಕ್ತ ಕಾಣದ ಕಡೆ ಕೈಗವಸಿನ ತುದಿಯಿಂದ ಹೊಸ ಹಿಮ ಸರಿಸಿದರೆ ಅಡಿಯಲ್ಲಿ ಕೆಂಪು. 80 ಹೆಜ್ಜೆಗೆ ಸಿಕ್ಕಿತು. ಬೆನ್ನ ಮೇಲೆ ಆಗಲೇ ಹಿಮ ಕೂತಿತ್ತು, ಕರಗಿರಲಿಲ್ಲ. ಇನ್ನೊಂದು ಗಂಟೆ ತಡವಾಗಿದ್ದರೆ ಪಕ್ಕದಲ್ಲೇ ದಾಟಿ ಹೋಗಿರುತ್ತಿದ್ದೆನೇನೋ. ಅವತ್ತಿನಿಂದ, ಹಿಮ ಜೋರಾಗಿ ಬೀಳುವಾಗ ನಾನು ಬಾಣ ಬಿಡುವುದಿಲ್ಲ.

ಎಳೆದು ತರುವುದು ಮಾತ್ರ ಸಲೀಸು. ಮಕ್ಕಳ ಪ್ಲಾಸ್ಟಿಕ್ ಜಾರುಬಂಡಿ ಒಯ್ದಿದ್ದೆ, ಹೊಲ ದಾಟುವ ತನಕ ಒಂದೇ ಕೈಯಲ್ಲಿ ಎಳೆದೆ.