ಪನಾಮಾಕ್ಕೆ ಬಂದ ಹೊಸಬರಿಗೆ: ಮೊದಲು ಈ ನೆಲದ ಪರಿಚಯ

ಪನಾಮಾ ಸಿಟಿಗೆ ಬಂದ ಮೊದಲ ವಾರ ನಮ್ಮಲ್ಲಿ ಬಹಳ ಜನಕ್ಕೆ ದಿಕ್ಕೇ ತಪ್ಪುತ್ತದೆ. ಎದುರಿಗೆ ಇರುವುದು ಪೆಸಿಫಿಕ್ ಸಾಗರ. ಬೆಳಗ್ಗೆ ಸೂರ್ಯ ಹುಟ್ಟುವುದೂ ಅದೇ ನೀರಿನ ಮೇಲೆ. ಪೆಸಿಫಿಕ್ ಪಶ್ಚಿಮಕ್ಕೆ ಇರಬೇಕಲ್ವಾ? ಇಲ್ಲಿ ಹಾಗಲ್ಲ. ಈ ದೇಶ ಇಂಗ್ಲಿಷಿನ ಎಸ್ ಅಕ್ಷರವನ್ನು ಅಡ್ಡ ಮಲಗಿಸಿದ ಹಾಗಿದೆ. ಉತ್ತರಕ್ಕೆ ಅಟ್ಲಾಂಟಿಕ್‌ನ ಭಾಗವಾದ ಕೆರಿಬಿಯನ್ ಸಮುದ್ರ, ದಕ್ಷಿಣಕ್ಕೆ ಪೆಸಿಫಿಕ್. ಪನಾಮಾ ಕಾಲುವೆಯ ಅಟ್ಲಾಂಟಿಕ್ ತುದಿಯಾದ ಕೊಲೊನ್ ನಮ್ಮ ಊರಿಗಿಂತ ಪಶ್ಚಿಮಕ್ಕಿದೆ. ಟ್ಯಾಕ್ಸಿಯವರಿಗೆ ದಾರಿ ಹೇಳುವ ಮೊದಲು ಒಮ್ಮೆ ನಕ್ಷೆ ಹರಡಿ ನೋಡಿ.

ವಿಸ್ತೀರ್ಣ ಸುಮಾರು 75,000 ಚದರ ಕಿ.ಮೀ., ಅಂದರೆ ಕರ್ನಾಟಕದ ಅರ್ಧಕ್ಕೂ ಕಡಿಮೆ. ಜನ 40 ಲಕ್ಷದ ಆಸುಪಾಸು. ಈ ಭೂಸಂಧಿಯ ತೀರಾ ಕಿರಿದಾದ ಜಾಗದಲ್ಲಿ ಎರಡು ಸಮುದ್ರಗಳ ನಡುವೆ ಬೆಂಗಳೂರಿನಿಂದ ರಾಮನಗರಕ್ಕೆ ಇರುವಷ್ಟೇ ದೂರ. ಇಲ್ಲಿನ ಇತಿಹಾಸವೆಲ್ಲ ಈ ಕಿರಿದಾದ ನೆಲವನ್ನು ದಾಟುವ ಕಥೆಯೇ.

ಇನ್ನೊಂದು ಗೊಂದಲ ಋತುಗಳದು. ಸ್ಪ್ಯಾನಿಷ್‌ನಲ್ಲಿ 'ಇನ್ವಿಯೆರ್ನೊ' ಅಂದರೆ ಚಳಿಗಾಲ. ಇಲ್ಲಿಯವರು ಮಳೆಗಾಲಕ್ಕೆ ಹಾಗೆ ಹೇಳುತ್ತಾರೆ, ಮೇಯಿಂದ ಡಿಸೆಂಬರ್ ನಡುವಿನವರೆಗೆ. ಆಮೇಲೆ ಏಪ್ರಿಲ್‌ವರೆಗೆ 'ವೆರಾನೊ', ಬೇಸಿಗೆ. ಸೆಕೆ ಮಾತ್ರ ವರ್ಷವಿಡೀ ಒಂದೇ. ಸರ್ಕಾರಿ ಶಾಲೆಗಳು ಮಾರ್ಚ್‌ನಲ್ಲಿ ಶುರುವಾಗುತ್ತವೆ, ಕೆಲವು ಅಂತರರಾಷ್ಟ್ರೀಯ ಶಾಲೆಗಳು ಆಗಸ್ಟ್‌ನಲ್ಲಿ. ಸೀಟು ಕೇಳುವಾಗ ಇದನ್ನು ಮೊದಲು ವಿಚಾರಿಸಿ. ಹಪ್ಪಳ ಸಂಡಿಗೆ ಹಾಕುವುದಿದ್ದರೆ ಫೆಬ್ರವರಿ ಒಳ್ಳೆಯದು, ಬಿಸಿಲೂ ಇರುತ್ತದೆ, ಗಾಳಿಯೂ ಇರುತ್ತದೆ.

ಮಳೆ ಇಲ್ಲಿ ಬರೀ ಛತ್ರಿಯ ವಿಷಯ ಅಲ್ಲ. ಕಾಲುವೆ ದಾಟುವ ಹಡಗುಗಳು ಸಮುದ್ರಮಟ್ಟದಿಂದ ಸುಮಾರು 26 ಮೀಟರ್ ಮೇಲಿರುವ ಗಾತುನ್ ಕೆರೆಗೆ ಹತ್ತಿ ಇಳಿಯಬೇಕು. ಒಂದು ಹಡಗು ಹಳೆಯ ಲಾಕ್‌ಗಳ (ನೀರು ತುಂಬಿಸಿ ಖಾಲಿ ಮಾಡಿ ಹಡಗನ್ನು ಹತ್ತಿಸಿ ಇಳಿಸುವ ಕಟ್ಟೆಗಳ) ಮೂಲಕ ದಾಟಿದರೆ ಸುಮಾರು 20 ಕೋಟಿ ಲೀಟರ್ ಸಿಹಿನೀರು ಸಮುದ್ರ ಸೇರುತ್ತದೆ. ಅದೆಲ್ಲ ಮಳೆ ನೀರು. ನಮ್ಮ ಮನೆಯ ನಲ್ಲಿಗೂ ಅದೇ ಚಾಗ್ರೆಸ್ ನದಿಯ ಸೀಮೆಯ ನೀರೇ ಬರುವುದು. 2023ರಲ್ಲಿ ಮಳೆ ಕೈಕೊಟ್ಟಾಗ ದಿನಕ್ಕೆ ದಾಟುವ ಹಡಗುಗಳನ್ನೇ ಕಡಿಮೆ ಮಾಡಬೇಕಾಯಿತು. ಕೆ.ಆರ್.ಎಸ್. ನೀರಿನ ಮಟ್ಟವನ್ನು ದಿನಾ ಪೇಪರ್‌ನಲ್ಲಿ ನೋಡಿ ಬೆಳೆದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ.

ಪೆಸಿಫಿಕ್ ತೀರದ ಈ ಊರನ್ನು ಸ್ಪೇನಿನವರು ಕಟ್ಟಿದ್ದು 1519ರಲ್ಲಿ. ಪೆರುವಿನ ಬೆಳ್ಳಿ ಇಲ್ಲಿ ಇಳಿದು, ಹೇಸರಗತ್ತೆಗಳ ಬೆನ್ನ ಮೇಲೆ ಕೆರಿಬಿಯನ್ ಕಡೆಗೆ ಹೋಗುತ್ತಿತ್ತು. 1671ರಲ್ಲಿ ಹೆನ್ರಿ ಮಾರ್ಗನ್ ದಾಳಿ ಮಾಡಿದಾಗ ಊರು ಸುಟ್ಟುಹೋಯಿತು. ಉಳಿದ ಗೋಡೆಗಳು ಪನಾಮಾ ವಿಯೆಹೊದಲ್ಲಿವೆ. ಆಮೇಲೆ ಕಟ್ಟಿದ ಊರೇ ಈಗಿನ ಕಾಸ್ಕೊ ವಿಯೆಹೊ. ಮಕ್ಕಳನ್ನು ಎರಡಕ್ಕೂ ಕರೆದುಕೊಂಡು ಹೋಗಿ, ಇದೇ ಕ್ರಮದಲ್ಲಿ.

1855ರಲ್ಲಿ ರೈಲು ಬಂತು, 1914ರಲ್ಲಿ ಕಾಲುವೆ. ಅಗೆದವರಲ್ಲಿ ಬಹುಪಾಲು ಬಾರ್ಬಡೋಸ್, ಜಮೈಕಾ ಕಡೆಯ ಕಪ್ಪು ಜನ. ಸಾವಿರಾರು ಮಂದಿ ಕಾಯಿಲೆಯಿಂದ, ಸ್ಫೋಟದಿಂದ ಸತ್ತರು. ಕೆರಿಬಿಯನ್ ಕಡೆಯ ತೆಂಗಿನ ಹಾಲಿನ ಅಡುಗೆ ಇವತ್ತು ಎಲ್ಲರ ಊಟವಾಗಿದೆ. 'ಗ್ವಾಂದು' ಅನ್ನುವ ಕಾಳು ಕೇಳಿ ತನ್ನಿ, ಅದು ನಮ್ಮ ತೊಗರಿಯೇ. ಡಿಸೆಂಬರ್ ಹೊತ್ತಿಗೆ ಹಸಿಕಾಳು ಸಿಗುತ್ತದೆ, ಹುಳಿಗೆ ಬಲು ರುಚಿ. 'ರಾಸ್ಪದೂರ' ಅಂದರೆ ಬೆಲ್ಲದಚ್ಚು, 'ಯೂಕಾ' ಅಂದರೆ ಮರಗೆಣಸು. ಊರಿಂದ ಮಿಕ್ಸಿ ಮಾತ್ರ ಹೊತ್ತು ತರಬೇಡಿ, ಇಲ್ಲಿ ಕರೆಂಟು 110 ವೋಲ್ಟ್.

ಈಗ ನಾವು ಪ್ರತಿ ಹೊಸ ಕುಟುಂಬಕ್ಕೂ ಕೂರಿಸಿ ಹೇಳುವ ಮಾತು. ಕಾಲುವೆಯ ಎರಡೂ ಬದಿಯ ನೆಲ ದಶಕಗಳ ಕಾಲ ಅಮೆರಿಕದ ಕೈಯಲ್ಲಿತ್ತು. 1964ರ ಜನವರಿ 9ರಂದು ಇಲ್ಲಿನ ವಿದ್ಯಾರ್ಥಿಗಳು ತಮ್ಮ ಬಾವುಟ ಹಾರಿಸಲು ಆ ವಲಯದೊಳಗೆ ಹೋದರು. ತಳ್ಳಾಟದಲ್ಲಿ ಬಾವುಟ ಹರಿಯಿತು. ಗಲಭೆಯಲ್ಲಿ ಪನಾಮಾದ ಸುಮಾರು 20 ಜನ ಸತ್ತರು. 1977ರಲ್ಲಿ ಪನಾಮಾದ ನಾಯಕ ಟೊರಿಹೊಸ್ ಮತ್ತು ಅಮೆರಿಕದ ಅಧ್ಯಕ್ಷ ಕಾರ್ಟರ್ ಕಾಲುವೆಯನ್ನು ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿದರು, 1999ರ ಡಿಸೆಂಬರ್ 31ಕ್ಕೆ ಕಾಲುವೆ ಪೂರ್ತಿ ಪನಾಮಾದವರದಾಯಿತು. ಇದನ್ನೆಲ್ಲ ಕಣ್ಣಾರೆ ಕಂಡವರು ನಿಮ್ಮ ಅಕ್ಕಪಕ್ಕದಲ್ಲೇ ಇರುತ್ತಾರೆ. ಅವರೆದುರು 'ಅಮೆರಿಕದವರ ಕಾಲುವೆ' ಅಂತ ಸುಮ್ನೆ ಬಾಯಿತಪ್ಪಿಯೂ ಅನ್ನಬೇಡಿ. ಜನವರಿ 9 ಶೋಕದ ದಿನ. ರಜೆ ಇದೆಯೆಂದು ಆ ದಿನ ಸಂಕ್ರಾಂತಿ ಕೂಟ ಇಡುವುದು, ಜೋರಾಗಿ ಹಾಡು ಹಾಕುವುದು ಬೇಡ.

ಸಂಭ್ರಮಕ್ಕೆ ನವೆಂಬರ್ ಇದೆ. ನಮಗೆ 1ನೇ ತಾರೀಕು ರಾಜ್ಯೋತ್ಸವ. ಇವರಿಗೆ 3ನೇ ತಾರೀಕು, 1903ರಲ್ಲಿ ಕೊಲಂಬಿಯಾದಿಂದ ಬೇರೆಯಾದ ದಿನ. 28 ಬಂದರೆ 1821ರಲ್ಲಿ ಸ್ಪೇನಿನಿಂದ ಬಿಡುಗಡೆಯಾದ ದಿನ. ಶಾಲಾ ಮಕ್ಕಳು ಡ್ರಮ್ ಬಾರಿಸುತ್ತ ಬೀದಿ ತುಂಬ ಹೋಗುತ್ತಾರೆ. ನಿಂತು ನೋಡಿ, ಚಪ್ಪಾಳೆ ತಟ್ಟಿ. ಆ ತಿಂಗಳು ಕಚೇರಿಗಳಿಗೆ ರಜೆ ಮೇಲೆ ರಜೆ. ವೀಸಾ ಕಾಗದದ ಕೆಲಸವನ್ನು ಅಕ್ಟೋಬರ್‌ನಲ್ಲೇ ಮುಗಿಸಿಕೊಳ್ಳಿ.

ಮೊದಲ ವೆರಾನೊ ಬಂದಾಗ ಚಿರಿಕಿ ಪ್ರಾಂತ್ಯದ ಬೊಕೆತೆಗೆ ಹೋಗಿ ಬನ್ನಿ. ಕೊಡಗು, ಚಿಕ್ಕಮಗಳೂರಿನವರಿಗೆ ಆ ಕಾಫಿ ತೋಟ, ಆ ಮಂಜು ತವರಿನ ಹಾಗೆ ಅನಿಸುತ್ತದೆ. ಪಕ್ಕದಲ್ಲೇ ಬರೂ ಜ್ವಾಲಾಮುಖಿ, ಸುಮಾರು 3,475 ಮೀಟರ್. ನಡುರಾತ್ರಿ ಹತ್ತಲು ಶುರು ಮಾಡಿದರೆ ಬೆಳಕು ಹರಿಯುವ ಹೊತ್ತಿಗೆ ತುದಿಯಲ್ಲಿರುತ್ತೀರಿ. ಮೋಡ ಇಲ್ಲದಿದ್ದರೆ ಒಂದೇ ಜಾಗದಲ್ಲಿ ನಿಂತು ಎರಡೂ ಸಮುದ್ರ ಕಾಣಬಹುದು. ಮೇಲೆ ಚಳಿ ಜಾಸ್ತಿ, ಮಕ್ಕಳಿಗೆ ಸ್ವೆಟರ್ ಮರೆಯಬೇಡಿ.