ಟಿಪ್ಪರ್‌ಗಳ ನಡುವಿನ ಗೆರೆ: ನನ್ನ ಅನುಭವ

ಸಂಡೂರು–ತೋರಣಗಲ್ಲು ರಸ್ತೆಯನ್ನು ಗಾಡಿಗಳ ಓಡಾಟದ ಸಿಮ್ಯುಲೇಟರ್ ಸುಮೋಗೆ ತಂದು, 40 ಅದಿರು ಟಿಪ್ಪರ್‌ಗಳನ್ನು ನೋಡ್ (ಜಾಲದ ಒಂದೊಂದು ಬಿಂದು) ಮಾಡಿ, ನೆಟ್‌ವರ್ಕ್ ಸಿಮ್ಯುಲೇಟರ್ ಎನ್‌ಎಸ್-2ರಲ್ಲಿ ಎಒಡಿವಿ (ಗಾಡಿಯಿಂದ ಗಾಡಿಗೆ ಡೇಟಾ ಹೋಗುವ ದಾರಿ ಹುಡುಕುವ ಪ್ರೋಟೋಕಾಲ್) ಓಡಿಸಿದ್ದೆ. ಈ ಕ್ಷಣ ಯಾವ ಗಾಡಿ ಯಾವುದರ ಜೊತೆ ಮಾತಾಡುತ್ತಿದೆ ಅಂತ ಗೆರೆಯಲ್ಲಿ ಕಾಣಬೇಕಿತ್ತು. ಎನ್‌ಎಸ್-2ರ ಓಟವನ್ನು ಚಿತ್ರವಾಗಿ ತೋರಿಸುವ ನ್ಯಾಮ್ ವೈರ್‌ಲೆಸ್‌ಗೆ ಲಿಂಕ್ ಎಳೆಯಲ್ಲ, ಗೊತ್ತಲ್ವಾ? "ದೂರ ನೋಡಿ ಗೆರೆ ಹಾಕಿ ಮುಗಿಸಪ್ಪ, ಇದೆಲ್ಲ ಆಗೋ ಕೆಲಸ ಅಲ್ಲ" ಅಂದರು ಗೆಳೆಯರು. ಬಳ್ಳಾರಿಯಲ್ಲೇ ಒಬ್ಬರು ಮಾಡಿಕೊಡಲು 12 ಸಾವಿರ ಕೇಳಿದರು. ನಾನೇ ಕೂತೆ.

ಮೊದಲು 250 ಮೀಟರ್ ಒಳಗಿದ್ದವಕ್ಕೆಲ್ಲ ಗೆರೆ ಹಾಕಿದೆ. ಲೋಡಿಂಗ್‌ಗೆ ಸಾಲಾಗಿ ನಿಂತ ಗಾಡಿಗಳ ಮೇಲೆ ಜೇಡರ ಬಲೆ! ಹತ್ತಿರ ಇದ್ದ ಮಾತ್ರಕ್ಕೆ ಮಾತಾಡುತ್ತಿವೆ ಅಂತಲ್ಲ. ಆಮೇಲೆ ಟ್ರೇಸ್ ಫೈಲ್‌ನಲ್ಲಿ (ಯಾರು ಏನು ಕಳಿಸಿದರು, ಪಡೆದರು ಅನ್ನೋ ದಾಖಲೆ) ಮ್ಯಾಕ್ ಮಟ್ಟದ, ಅಂದರೆ ಪಕ್ಕದ ಗಾಡಿಗೆ ನೇರವಾಗಿ ಕಳಿಸುವ ಪದರದ, ಪ್ರತಿ 'ಆರ್' (ಪಡೆದದ್ದು) ಸಾಲಿಗೂ ಗೆರೆ ಹಾಕಿದೆ. ಎಲ್ಲರಿಗೂ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್‌ಗಳೂ ಸೇರಿ ಪರದೆ ತುಂಬಿಹೋಯಿತು.

ಕೊನೆಗೆ ಎಸಿಕೆ (ಕಳಿಸಿದ ಫ್ರೇಮ್, ಅಂದರೆ ಡೇಟಾ ತುಂಡು, ತಲುಪಿತು ಅನ್ನೋ ಉತ್ತರ) ಬಂದರೆ ಮಾತ್ರ ಗೆರೆ ಅಂತ ನಿಯಮ ಮಾಡಿದೆ. ಮ್ಯಾಕ್ ಟ್ರೇಸ್ ಆನ್ ಇರಲೇಬೇಕು. ಆದರೆ ಎಸಿಕೆಯಲ್ಲಿ ತಲುಪಬೇಕಾದವರ ವಿಳಾಸ ಮಾತ್ರ ಇರುತ್ತದೆ, ಕಳಿಸಿದವರದು ಇರಲ್ಲ. ಹಾಗಾಗಿ ಎಸಿಕೆ ಪಡೆದ ಗಾಡಿ ಅದಕ್ಕೂ ಮುಂಚೆ ಯಾರಿಗೆ ಫ್ರೇಮ್ ಕಳಿಸಿತ್ತು ಅಂತ ನೆನಪಿಟ್ಟು ಜೋಡಿ ಮಾಡಿದೆ. ಇಲ್ಲೇ ಕೆಲಸ ಕೈಗೆ ಬಂತು.

ಆದರೂ 10ರಿಂದ 15ನೇ ಗಾಡಿಗಳಿಗೆ ತಮ್ಮ ಗೆರೆಯೇ ಇಲ್ಲ. 16ರ ಗೆರೆ ಹೋಗಿ 10ಕ್ಕೆ ಅಂಟುತ್ತಿತ್ತು. ನಾಲ್ಕು ದಿನ ತಲೆ ಕೆಟ್ಟಿತು. ಟ್ರೇಸ್ ಸಾಲಿನ ಚೌಕ ಕಂಸದೊಳಗಿನ ವಿಳಾಸ ಹೆಕ್ಸ್‌ನಲ್ಲಿ (ಹದಿನಾರರ ಎಣಿಕೆಯಲ್ಲಿ) ಇರುತ್ತದೆ! 'ಎ' ಅಂದರೆ 10, '10' ಅಂದರೆ 16. ಒಂದೇ ಸಾಲು ತಿದ್ದಿದ ಮೇಲೆ ಎಲ್ಲ ಸರಿಹೋಯಿತು.

ಟ್ರೇಸ್ ಫೈಲ್ ಸುಮಾರು ಒಂದೂವರೆ ಜಿಬಿ. ಪೂರ್ತಿ ಒಮ್ಮೆಲೇ ಓದಿಸಿ ಲ್ಯಾಪ್‌ಟಾಪ್ ಹ್ಯಾಂಗ್ ಆಯಿತು. 1800 ರೂಪಾಯಿ ಕೊಟ್ಟು ಹಳೇ ರ‍್ಯಾಮ್ ತಂದೆ. ಆಮೇಲೆ ಸಾಲು ಸಾಲಾಗಿ ಓದಿಸಿದರೆ ಅದು ಬೇಕೇ ಇರಲಿಲ್ಲ. ದಯವಿಟ್ಟು ನೀವು ದುಡ್ಡು ಹಾಕಬೇಡಿ.

ಸುಮ್ನೆ ಒಂದು ಪ್ರಯೋಗಕ್ಕೆ ಎಒಡಿವಿಗೆ ನೀಲಿ, ಡೇಟಾಗೆ ಕೆಂಪು ಬಣ್ಣ ಕೊಟ್ಟೆ. ದಾರಿ ಸಿಕ್ಕಿತು ಅನ್ನೋ ಎಒಡಿವಿ ಉತ್ತರ, ರೂಟ್ ರಿಪ್ಲೈ, ಯೂನಿಕಾಸ್ಟ್ (ಒಬ್ಬರಿಗೇ ಕಳಿಸೋದು, ಹಾಗಾಗಿ ಎಸಿಕೆ ಬರುತ್ತದೆ) ಅಲ್ವಾ? ನೀಲಿ ಗೆರೆ ಗುರಿಯಿಂದ ಗಾಡಿ ಗಾಡಿ ದಾಟಿ ಹಿಂದೆ ಬರುತ್ತದೆ, ಅದೇ ದಾರಿ ಹಿಡಿದು ಕೆಂಪು ಮುಂದೆ ಓಡುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗಲ್ಲ.

ಒಂದು ಎಸಿಕೆಯ ಹೊತ್ತು ಕಣ್ಣಿಗೆ ಕಾಣುವಷ್ಟಿರಲ್ಲ. ಅದಕ್ಕೆ ಗೆರೆ ನಿಧಾನಕ್ಕೆ ಮಸುಕಾಗುವಂತೆ ಮಾಡಿದ್ದೇನೆ. ಎಷ್ಟು ಹೊತ್ತು ಅನ್ನೋದಕ್ಕೆ ಗಾಡಿಯ ವೇಗದ ಲೆಕ್ಕವೊಂದಿದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮೊನ್ನೆ ಅದೇ ಗೆಳೆಯರಿಗೆ ತೋರಿಸಿದೆ. "ಈ ಎರಡು ಗಾಡಿ ಪಕ್ಕಪಕ್ಕದಲ್ಲೇ ಇವೆ, ಗೆರೆ ಎಲ್ಲಿ?" ಅಂದರು. ಟ್ರೇಸ್ ತೆಗೆದು ಆ ಹೊತ್ತಿನ ಸಾಲುಗಳನ್ನು ಹುಡುಕಿಸಿದೆ. ಅವೆರಡರ ನಡುವೆ ಒಂದು ಎಸಿಕೆಯೂ ಇರಲಿಲ್ಲ.