ಆಟದ ನಡುವೆ ಸಂಪರ್ಕ ಕಡಿಯುತ್ತಿದ್ದುದಕ್ಕೆ ನಾನು ಕಾರಣ ಹುಡುಕಿದ ಬಗೆ

ರಾತ್ರಿ ಊಟವಾದ ಮೇಲೆ ಗದಗ ಮತ್ತು ಹಾವೇರಿಯಲ್ಲಿರುವ ಕಾಲೇಜು ದಿನಗಳ ಗೆಳೆಯರೊಂದಿಗೆ ಒಂದೆರಡು ಸುತ್ತು ವ್ಯಾಲೊರಂಟ್ ಎಂಬ, ಇಂಟರ್‌ನೆಟ್ಟಿನಲ್ಲಿ ತಂಡವಾಗಿ ಆಡುವ ಗುಂಡಿನ ಕಾಳಗದ ಆಟ ಆಡುವುದು ನನ್ನ ರೂಢಿ. ಕಳೆದ ಮಳೆಗಾಲದಲ್ಲಿ ಈ ರೂಢಿಗೆ ಕುತ್ತು ಬಂದಿತು. ಆಟ ನಡೆದಿರುವಾಗಲೇ ಪರದೆ ಸ್ತಬ್ಧವಾಗುತ್ತಿತ್ತು, ಸಂಪರ್ಕ ಕಡಿದಿದೆ ಎಂಬ ಸೂಚನೆ ಮೂಡುತ್ತಿತ್ತು, ನಾನು ಮರಳಿ ಸೇರುವಷ್ಟರಲ್ಲಿ ತಂಡ ಸೋತಿರುತ್ತಿತ್ತು. ಐವರ ತಂಡದಲ್ಲಿ ಒಬ್ಬ ಇಲ್ಲದಿದ್ದರೆ ಉಳಿದ ನಾಲ್ವರ ಪಾಡು ಏನೆಂಬುದು ಆಡುವವರಿಗೆ ಗೊತ್ತು. ಪದೇ ಪದೇ ನಡುವೆ ಬಿಟ್ಟುಹೋದರೆ ಆಟವೇ ದಂಡವಾಗಿ ಸ್ವಲ್ಪ ಹೊತ್ತು ನಮ್ಮನ್ನು ಹೊರಗಿಡುತ್ತದೆ. “ದೋಸ್ತ, ಮತ್ತ ಹೋದೇನು?” ಎಂಬ ಗದಗಿನ ಗೆಳೆಯನ ಪ್ರಶ್ನೆಗೆ ಮೂರು ವಾರ ನನ್ನ ಬಳಿ ಉತ್ತರವಿರಲಿಲ್ಲ.

ಆ ಮೂರು ವಾರ ನಾನು ಮಾಡಿದ್ದೆಲ್ಲ ವ್ಯರ್ಥ. ಆಟವನ್ನು ಅಳಿಸಿ ಹೊಸದಾಗಿ ಹಾಕಿದೆ, ಡಿಎನ್‌ಎಸ್ ಬದಲಿಸಿದೆ. ಡಿಎನ್‌ಎಸ್‌ನ ಕೆಲಸ ಸರ್ವರ್‌ನ ಹೆಸರಿನಿಂದ ವಿಳಾಸ ಹುಡುಕಿಕೊಡುವುದಷ್ಟೇ ಆದುದರಿಂದ, ಒಮ್ಮೆ ಆಟ ಶುರುವಾದ ಮೇಲೆ ಕಡಿಯುವ ಸಂಪರ್ಕಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ಆಮೇಲೆ ಹೊಳೆಯಿತು. ವೇಗ ಅಳೆದರೆ ಪ್ರತಿ ಸಲವೂ ಹಣ ಕಟ್ಟಿದ್ದಕ್ಕೆ ತಕ್ಕಷ್ಟು ಬರುತ್ತಿತ್ತು. ಯೂಟ್ಯೂಬ್ ಕೂಡ ಎಲ್ಲಿಯೂ ನಿಲ್ಲುತ್ತಿರಲಿಲ್ಲ. ನಾನು ಮೋಸಹೋದದ್ದು ಇಲ್ಲಿಯೇ. ವಿಡಿಯೊ ಮುಂದಿನ ಹಲವು ಸೆಕೆಂಡುಗಳ ದೃಶ್ಯವನ್ನು ಮೊದಲೇ ತಂದಿಟ್ಟುಕೊಂಡಿರುತ್ತದೆ, ದಾರಿಯಲ್ಲಿ ಕಳೆದುಹೋದ ಪ್ಯಾಕೆಟ್ಟನ್ನು, ಅಂದರೆ ಮಾಹಿತಿಯ ಸಣ್ಣ ತುಣುಕನ್ನು, ಮತ್ತೆ ತರಿಸಿಕೊಳ್ಳುತ್ತದೆ. ವೇಗದ ಆಟಗಳು ಸಾಮಾನ್ಯವಾಗಿ ಮಾಹಿತಿ ಕಳಿಸಲು ಯುಡಿಪಿ ಎಂಬ ವಿಧಾನವನ್ನು ಬಳಸುತ್ತವೆ. ಅಲ್ಲಿ ಕಳೆದುಹೋದ ಪ್ಯಾಕೆಟ್ಟನ್ನು ತಾನಾಗಿ ಮತ್ತೆ ಕಳಿಸುವ ಏರ್ಪಾಡಿಲ್ಲ, ಇದ್ದರೂ ಕ್ಷಣ ಮೀರಿದ ಸುದ್ದಿಯಿಂದ ಆಟಕ್ಕೆ ಉಪಯೋಗವಿಲ್ಲ.

ಕೊನೆಗೆ ಏನನ್ನೂ ಬದಲಿಸದೆ, ಕೊಂಡಿ ಎಲ್ಲಿ ಕಳಚುತ್ತಿದೆ ಎಂಬುದನ್ನು ಮಾತ್ರ ನೋಡಲು ನಿರ್ಧರಿಸಿದೆ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನ ಮೂರು ಕಿಟಕಿಗಳನ್ನು ತೆರೆದು, ನಿಲ್ಲದೆ ಓಡುವ ‘ಪಿಂಗ್ -ಟಿ’ ಆದೇಶವನ್ನು ಮೂರರಲ್ಲಿಯೂ ಕೊಟ್ಟೆ. ಒಂದು ವಿಳಾಸಕ್ಕೆ ಸಣ್ಣ ಸಂದೇಶ ಕಳಿಸಿ, ಉತ್ತರ ಬರಲು ಎಷ್ಟು ಹೊತ್ತಾಯಿತು ಎಂದು ತೋರಿಸುವುದು ಪಿಂಗ್. ಮೊದಲನೆಯದು ಮನೆಯ ರೌಟರ್‌ಗೆ, ಅಂದರೆ 192.168.1.1ಕ್ಕೆ, ಎರಡನೆಯದು ದಾರಿಯ ಒಂದೊಂದು ಹಂತವನ್ನೂ ಪಟ್ಟಿ ಮಾಡುವ ‘ಟ್ರೇಸರ್ಟ್’ ಆದೇಶ ತೋರಿಸಿದ, ನಮ್ಮ ಮನೆ ದಾಟಿದೊಡನೆ ಸಿಗುವ ಮೊದಲ ವಿಳಾಸಕ್ಕೆ, ಮೂರನೆಯದು ಗೂಗಲ್‌ನ 8.8.8.8 ಎಂಬ ಸರ್ವರ್‌ಗೆ. ಆಟ ಕಡಿದಾಗಲೆಲ್ಲ ಗಳಿಗೆ ನೋಡಿ, ಮೂರರಲ್ಲಿ ಯಾವುದು ನಿಂತಿದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ನಾಲ್ಕು ರಾತ್ರಿಗಳ ಬರಹವನ್ನು ಒಟ್ಟಿಗೆ ನೋಡಿದಾಗ, ಒಂದೇ ಎಂದುಕೊಂಡಿದ್ದ ತೊಂದರೆ ನಿಜವಾಗಿ ಎರಡು ಎಂಬುದು ತಿಳಿಯಿತು. ಕೆಲವು ಸಲ ಮೊದಲನೆಯ ಕಿಟಕಿಯೇ ತಡವರಿಸುತ್ತಿತ್ತು. ಇನ್ನು ಕೆಲವು ಸಲ ಮೊದಲನೆಯದು ನಿರಾತಂಕವಾಗಿ ಓಡುತ್ತಿದ್ದು, ಉಳಿದೆರಡೂ ಒಂದೆರಡು ನಿಮಿಷ ಸಂಪೂರ್ಣ ನಿಲ್ಲುತ್ತಿದ್ದವು.

ಮೊದಲನೆಯದಕ್ಕೆ ಕಾರಣ ವೈಫೈ. ಧಾರವಾಡದ ಮಾಳಮಡ್ಡಿಯಲ್ಲಿರುವ ನಮ್ಮ ಮನೆ ಹಳೆಯದು. ಗೋಡೆಗಳು ಒಂದೂವರೆ ಅಡಿ ದಪ್ಪ. ರೌಟರ್ ಪಡಸಾಲೆಯಲ್ಲಿದ್ದು, ನನ್ನ ಕೋಣೆ ಎರಡು ಗೋಡೆಗಳ ಆಚೆ ಇರುವುದರಿಂದ, ರೌಟರ್‌ನ ಎರಡು ತರಂಗಪಟ್ಟಿಗಳಲ್ಲಿ 5 ಗಿಗಾಹರ್ಟ್ಸ್ ಅಲ್ಲಿಗೆ ಮುಟ್ಟುವುದೇ ಇಲ್ಲ, 2.4 ಗಿಗಾಹರ್ಟ್ಸ್ ಮುಟ್ಟುತ್ತದೆ, ಆದರೆ ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6 ಮತ್ತು 11 ಮಾತ್ರ, ಸುತ್ತಲಿನ ಮನೆಗಳ ರೌಟರ್‌ಗಳೆಲ್ಲ ಅಲ್ಲಿಯೇ ನೆರೆದಿರುತ್ತವೆ. ಚಾನೆಲ್ ಬದಲಿಸಿದರೆ ಎರಡು ದಿನ ಸುಖ, ಮೂರನೆಯ ದಿನ ಮತ್ತೆ ಅದೇ. ಹುಬ್ಬಳ್ಳಿಗೆ ಹೋದಾಗ ಹದಿನೈದು ಮೀಟರ್ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ತಂದು, ರೌಟರ್‌ನಿಂದ ನನ್ನ ಕೋಣೆಗೆ ತೊಲೆಯ ಗುಂಟ ಎಳೆದು, ತುದಿಗಳನ್ನು ನಾನೇ ಕ್ರಿಂಪ್ ಮಾಡಿದೆ, ಅಂದರೆ ಪ್ಲಗ್ಗಿಗೆ ಒತ್ತಿ ಕೂಡಿಸಿದೆ. ಮೊದಲ ಯತ್ನದಲ್ಲಿ ಲ್ಯಾಪ್‌ಟಾಪ್ ಒಂದು ಗಿಗಾಬಿಟ್ ಬದಲು 100 ಮೆಗಾಬಿಟ್ ಎಂದು ತೋರಿಸಿತು. ಗಿಗಾಬಿಟ್‌ಗೆ ನಾಲ್ಕೂ ಜೋಡಿ ತಂತಿಗಳು ಬೇಕು, 100 ಮೆಗಾಬಿಟ್‌ಗೆ ಎರಡು ಸಾಕು. ಅಂದರೆ ಒಂದು ತಂತಿ ತುದಿಯವರೆಗೆ ಹೋಗಿರಲಿಲ್ಲ. ಆಟಕ್ಕೆ 100 ಧಾರಾಳವಾದರೂ ಮನಸ್ಸು ಒಪ್ಪದೆ ತುದಿ ಕತ್ತರಿಸಿ ಮತ್ತೆ ಹಾಕಿದೆ. ಆ ರಾತ್ರಿಯಿಂದ ರೌಟರ್‌ನ ಪಿಂಗ್ ಒಂದು ಮಿಲಿಸೆಕೆಂಡಿನಿಂದ ಅಲುಗಲಿಲ್ಲ.

ಎರಡನೆಯ ತೊಂದರೆ ಉಳಿದೇ ಇತ್ತು, ಮತ್ತು ನನ್ನನ್ನು ಹೆಚ್ಚು ಕಾಡಿದ್ದು ಅದೇ. ಹಗಲು ಸಂಪರ್ಕ ಚೆನ್ನಾಗಿರುತ್ತಿತ್ತು, ಸಂಜೆ ಏಳರ ನಂತರ ಕಡಿಯಲು ಶುರುವಾಗುತ್ತಿತ್ತು. ಆ ಹೊತ್ತಿಗೆ ಊರೆಲ್ಲ ಇಂಟರ್‌ನೆಟ್ಟಿಗೆ ಬರುವುದರಿಂದ ದಟ್ಟಣೆಯಾಗುತ್ತದೆ ಎಂದು ನಾನೇ ತೀರ್ಮಾನಿಸಿ, ಸೇವೆ ಕೊಡುವವರಿಗೆ ಎರಡು ಸಲ ಫೋನ್ ಮಾಡಿ ಜಗಳವನ್ನೂ ಆಡಿದ್ದೆ. ಒಂದು ರಾತ್ರಿ ಕಡಿದ ಕೂಡಲೇ ಪಡಸಾಲೆಗೆ ಓಡಿ ನೋಡಿದರೆ ಫೈಬರ್ ಪೆಟ್ಟಿಗೆಯ, ಅಂದರೆ ಗಾಜಿನ ಎಳೆಯಲ್ಲಿ ಬೆಳಕಾಗಿ ಬರುವ ಇಂಟರ್‌ನೆಟ್ಟನ್ನು ಮನೆಯೊಳಗೆ ಹಿಡಿಯುವ ಪೆಟ್ಟಿಗೆಯ, ಮೇಲೆ ‘ಲಾಸ್’ ಎಂಬಲ್ಲಿ ಕೆಂಪು ದೀಪ ಮಿನುಗುತ್ತಿತ್ತು. ದಟ್ಟಣೆಯಿಂದ ಕೆಂಪು ದೀಪ ಹೊತ್ತುವುದಿಲ್ಲ. ಬೆಳಕೇ ಬರುತ್ತಿಲ್ಲ, ಇಲ್ಲವೆ ಸಾಲುವಷ್ಟು ಬರುತ್ತಿಲ್ಲವೆಂದು ಅದರ ಅರ್ಥ. ಬ್ರೌಸರ್‌ನಲ್ಲಿ ತೆರೆಯುವ ಪೆಟ್ಟಿಗೆಯ ಒಳಪುಟದಲ್ಲಿ, ಬರುವ ಬೆಳಕಿನ ಬಲವನ್ನು ಡಿಬಿಎಂ ಎಂಬ ಅಳತೆಯಲ್ಲಿ ತೋರಿಸುತ್ತಾರೆ; ಅಂಕಿ ಸೊನ್ನೆಯಿಂದ ಕೆಳಗೆ ಹೋದಷ್ಟೂ ಬೆಳಕು ಕಡಿಮೆ. ಜಿಪಾನ್ ಎಂಬ ಸಾಮಾನ್ಯ ಬಗೆಯ ಫೈಬರ್ ಪೆಟ್ಟಿಗೆಗಳಿಗೆ -27 ಕೊನೆಯ ಗೆರೆ. ಅದಕ್ಕಿಂತ ಕೆಳಗಿಳಿದರೆ ಭರವಸೆಯಿಲ್ಲ. ನಮ್ಮದು -27.8 ಇತ್ತು. ಮರುದಿನ ಬೆಳಿಗ್ಗೆ ನೋಡಿದರೆ -22.6.

ಹಗಲು ರಾತ್ರಿಗಳ ನಡುವೆ ಮನೆಯಲ್ಲಿ ಬದಲಾಗುವುದಾದರೂ ಏನು ಎಂದು ತಲೆ ಕೆಡಿಸಿಕೊಂಡು ಕೂತಿದ್ದಾಗ, ಸಂಜೆ ಅವ್ವ ಎಂದಿನಂತೆ, “ಗುಂಗಾಡ ಬರ್ತಾವ, ಕಿಡಕಿ ಹಾಕವಾ” ಎಂದು ಅಕ್ಕನಿಗೆ ಹೇಳಿದಳು. ಗುಂಗಾಡ ಅಂದರೆ ಸೊಳ್ಳೆ. ಫೈಬರ್ ಒಳಬರುವುದು ಪಡಸಾಲೆಯ ಕಿಡಕಿಯ ಸಂದಿನಿಂದಲೇ. ಒಳಪುಟವನ್ನು ತೆರೆದಿಟ್ಟುಕೊಂಡು, ಕಿಡಕಿ ಹಾಕಲು, ತೆರೆಯಲು ಅಕ್ಕನಿಗೆ ಮೂರ್ನಾಲ್ಕು ಸಲ ಹೇಳಿದೆ. ಪ್ರತಿ ಸಲವೂ ಅಂಕಿ -22ರಿಂದ -27ರ ಸುತ್ತಮುತ್ತ ಇಳಿದು, ಮತ್ತೆ ಏರಿತು. ಮೂರು ಡಿಬಿ ಇಳಿದರೆ ಬೆಳಕು ಅರ್ಧ, ಐದು ಇಳಿದರೆ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ ಎಂದರೆ ಪರಿಣಾಮ ಊಹಿಸಬಹುದು. ಗಾಜಿನ ಎಳೆ ಮುರಿದಿರಲಿಲ್ಲ. ಚೌಕಟ್ಟು ಮತ್ತು ಬಾಗಿಲಿನ ನಡುವೆ ಒತ್ತಿ ಬಾಗಿದಲ್ಲಿ ಬೆಳಕು ಸೋರಿಹೋಗುತ್ತಿತ್ತು. ಮಳೆಯಲ್ಲಿ ಉಬ್ಬಿದ ಕಟ್ಟಿಗೆ ಅದನ್ನು ಇನ್ನಷ್ಟು ಬಿಗಿ ಹಿಡಿದಿರಬೇಕು. ಬೇಸಿಗೆಯಲ್ಲಿ ಈ ತೊಂದರೆ ಇಲ್ಲದ್ದಕ್ಕೆ ನನಗೆ ಬೇರೆ ಕಾರಣ ಕಾಣುವುದಿಲ್ಲ.

ಲೈನಿನ ಹುಡುಗನನ್ನು ಕರೆಸಿ, ಚೌಕಟ್ಟಿನ ಪಕ್ಕದ ಗೋಡೆಗೆ ರಂಧ್ರ ಕೊರೆಸಿ, ಒತ್ತಿಹೋಗಿದ್ದ ತುಂಡನ್ನು ಕತ್ತರಿಸಿ ಹೊಸದಾಗಿ ಜೋಡಿಸಿಕೊಂಡೆವು. ಈಗ ಅಂಕಿ ಹಗಲೂ ರಾತ್ರಿಯೂ -21ರ ಆಸುಪಾಸಿನಲ್ಲಿ ನಿಂತಿದೆ. ಫೋನಿನಲ್ಲಿ ನಾನಾಡಿದ ಜಗಳದ ಬಗ್ಗೆ ಅವನೇನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಉಳಿದದ್ದು ಸಣ್ಣಪುಟ್ಟದ್ದು. ಅಕ್ಕನ ಫೋನು ರಾತ್ರಿ ಫೋಟೊಗಳನ್ನೆಲ್ಲ ಕ್ಲೌಡಿಗೆ ಏರಿಸತೊಡಗಿದರೆ ಆಟದಲ್ಲಿ 35 ಮಿಲಿಸೆಕೆಂಡಿನಷ್ಟಿದ್ದ ನನ್ನ ಪಿಂಗ್ 300 ದಾಟುತ್ತಿತ್ತು. ಅಪ್‌ಲೋಡಿನ ಸರದಿ ಸಾಲಿನಲ್ಲಿ ಆಟದ ಪ್ಯಾಕೆಟ್ಟುಗಳೂ ಕಾಯಬೇಕಾಗುತ್ತಿದ್ದುದೇ ಕಾರಣ. ರೌಟರ್‌ನ ಕ್ಯೂಒಎಸ್‌ನಲ್ಲಿ (ಯಾವುದಕ್ಕೆ ಎಷ್ಟು ವೇಗ ಎಂದು ಹಂಚುವ ಏರ್ಪಾಡು) 40 ಮೆಗಾಬಿಟ್ ಅಪ್‌ಲೋಡನ್ನು 34ಕ್ಕೆ ಮಿತಿಗೊಳಿಸಿದ ಮೇಲೆ ಅದು ತಹಬಂದಿಗೆ ಬಂತು. ಕರೆಂಟು ಹೋದಾಗ ಇನ್ವರ್ಟರ್ ಚಾಲೂ ಆಗುವ ಆ ಕ್ಷಣಾರ್ಧದಲ್ಲಿ ರೌಟರ್ ನಿಂತು ಮತ್ತೆ ಶುರುವಾಗುತ್ತಿತ್ತು. 12 ವೋಲ್ಟಿನ ಪುಟ್ಟ ಯುಪಿಎಸ್ ಒಂದನ್ನು ನಡುವೆ ಕೂಡಿಸಿದೆ.

ಈಗಲೂ ಎಂದಾದರೊಮ್ಮೆ ಆಟ ಕಡಿಯುತ್ತದೆ. ಆಗ ಮೊದಲು ಗದಗಿಗೂ ಹಾವೇರಿಗೂ ಫೋನ್ ಹಚ್ಚುತ್ತೇನೆ. ಮೂವರದೂ ಒಂದೇ ಗಳಿಗೆಗೆ ಹೋಗಿದ್ದರೆ ಅದು ಸರ್ವರ್ ಕಡೆಯ ಮಾತೆಂದು ತಿಳಿದು, ರೌಟರ್ ಮುಟ್ಟದೆ ಚಹಾಕ್ಕೆ ನೀರಿಡುತ್ತೇನೆ.